ನಾಮಪದಕ್ಕೂ ಕ್ರಿಯಾವಿಶೇಷಣವೇ?

ಇಂಗ್ಲಿಷಿನ ‘ಈವನ್ ದ ಟೀಚರ್ ಲಾಫ್ಡ್’ (ಟೀಚರ್ ಕೂಡ ನಕ್ಕರು) ಎಂಬಲ್ಲಿ ‘ಈವನ್’ ನಾಮಪದಕ್ಕೆ ಅಂಟಿದೆ, ಹಾಗಾದರೆ ಅದು ವಿಶೇಷಣವೇ (ಅಡ್ಜೆಕ್ಟಿವ್) ಎಂದು ಕೇಳಿದ್ದೀರಿ. ಅಲ್ಲ, ಕ್ರಿಯಾವಿಶೇಷಣವೇ (ಆಡ್ವರ್ಬ್). ವಿಶೇಷಣ ಸಾಮಾನ್ಯವಾಗಿ ‘ದ’, ‘ಎ’ಗಳಾದ ಮೇಲೆ ಬರುತ್ತದೆ, ಇದು ಅವಕ್ಕೂ ಮೊದಲೇ ನಿಂತು ಇಡೀ ಪದಗುಚ್ಛವನ್ನು ಹಿಡಿಯುತ್ತದೆ. ‘ಕ್ವೈಟ್ ಎ ಕ್ರೌಡ್’, ‘ಆಲ್ಮೋಸ್ಟ್ ದ ಹೋಲ್ ಕ್ಲಾಸ್’ ಕೂಡ ಹಾಗೆಯೇ. ‘ವೆರಿ ಎ ಕ್ರೌಡ್’ ಮಾತ್ರ ಆಗದು.

ಹೆಚ್ಚು ಎಡವಿಸುವುದು ‘ಓನ್ಲಿ’. ‘ಓನ್ಲಿ ದ ಚೈಲ್ಡ್’ ಎಂದರೆ ಆ ಮಗು ಮಾತ್ರ. ‘ದ ಓನ್ಲಿ ಚೈಲ್ಡ್’ ಎಂದರೆ ಇರುವುದೇ ಒಂದು ಮಗು, ಇಲ್ಲಿ ಅದು ವಿಶೇಷಣ. ಕನ್ನಡದಲ್ಲಿ ‘ಕೂಡ’, ‘ಮಾತ್ರ’ಗಳನ್ನು ನಾಮಪದವಾದ ಮೇಲೆ ಹಚ್ಚುತ್ತೇವಲ್ಲ, ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. ಜಾಗ ಹೇಳುವ ಕ್ರಿಯಾವಿಶೇಷಣಗಳು ಇಂಗ್ಲಿಷಿನಲ್ಲೂ ನಾಮಪದವಾದ ಮೇಲೆಯೇ: ‘ದ ರೂಮ್ ಅಪ್‌ಸ್ಟೇರ್ಸ್’ (ಮಹಡಿಯ ಮೇಲಿನ ಕೋಣೆ).