ಡೇಕೇರಿಗೆ ದುಡ್ಡಿದೆ, ಜಾಗ ಇಲ್ಲ

ನಮ್ಮ ಕಾಸರಗೋಡಿನ ಬದಿಯಡ್ಕದಿಂದ ನೀನು ಬರೆದದ್ದು ಓದಿದೆ ತಂಗೀ. ಗಂಡನಿಗೆ ವರ್ಕ್ ಪರ್ಮಿಟ್, ಎರಡು ವರ್ಷದ ಮಗಳ ಜೊತೆ ಮುಂದಿನ ತಿಂಗಳು ಕೆನಡಾದ ಬ್ರಾಂಪ್ಟನ್‌ಗೆ ಹೊರಟಿದ್ದೀ. “ಡೇಕೇರಿಗೆ ದಿನಕ್ಕೆ 10 ಡಾಲರ್ ಅಂತಲ್ಲ ಅಕ್ಕ, ಸರಕಾರ ಮಗುವಿಗೂ ದುಡ್ಡು ಕೊಡುತ್ತದಂತಲ್ಲ, ಹೋದ ಕೂಡಲೇ ಕೆಲಸಕ್ಕೆ ಸೇರಬಹುದಾ?” ಅಂತ ಕೇಳಿದ್ದೀ.

ದುಡ್ಡಿನ ಮಾತು ಸುಳ್ಳಲ್ಲ. ಆದರೆ ಜಾಗ ಸಿಗಬೇಕಲ್ಲ!

10 ಡಾಲರಿನ ಮಾತು ಬಂದದ್ದು ಕೆನಡಾದ 2021ರ ಬಜೆಟ್ಟಿನಲ್ಲಿ. ಆದರೆ ಬ್ರಾಂಪ್ಟನ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2025ರಿಂದ ದಿನಕ್ಕೆ 22 ಡಾಲರ್ ಮಿತಿ. ಅದೂ ಯೋಜನೆಗೆ ಸೇರಿದ ಸೆಂಟರ್‌ಗಳಲ್ಲಿ ಮಾತ್ರ. ಹಣ ನಿನ್ನ ಕೈಗೆ ಬರುವುದಿಲ್ಲ, ಸರಕಾರ ಸೆಂಟರಿಗೇ ಕೊಡುತ್ತದೆ. ಫೀಸು ಇಳಿದದ್ದೇ ತಡ, ಎಲ್ಲರೂ ಬಂದು ಸಾಲು ನಿಂತರು. ಟೀಚರ್‌ಗಳೂ ಸಾಲದು. ಮಗನ ಹೆಸರು ನಾಲ್ಕು ಕಡೆ ಬರೆಸಿ ನಾನು 14 ತಿಂಗಳು ಕಾದೆ. ಒಂದು ಕಡೆಯವರು ಎರಡು ಸಲ “ಮುಂದಿನ ತಿಂಗಳು” ಅಂದು, ಆಮೇಲೆ ಫೋನೇ ಎತ್ತಲಿಲ್ಲ. ಮನೆ ಗೊತ್ತಾದ ದಿನವೇ ವೈಟಿಂಗ್ ಲಿಸ್ಟಿಗೆ ಹೆಸರು ಹಾಕು. ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡ, 2016ರಿಂದ ಹಾಗೆ ಕೇಳುವ ಹಾಗಿಲ್ಲ.

ಮಗುವಿನ ದುಡ್ಡು, ಅಂದರೆ ಚೈಲ್ಡ್ ಬೆನಿಫಿಟ್, ವರ್ಕ್ ಪರ್ಮಿಟ್‌ನವರಿಗೆ 18 ತಿಂಗಳು ಅಲ್ಲಿದ್ದ ಮೇಲೆಯೇ. ಗಳಿಕೆ ಏರಿದ ಹಾಗೆ ಅದು ಇಳಿಯುತ್ತದೆ. ನಿನಗೆ ಸಂಬಳ ಇಲ್ಲದಿದ್ದರೂ ಪ್ರತಿ ವರ್ಷ ಇಬ್ಬರೂ ಟ್ಯಾಕ್ಸ್ ರಿಟರ್ನ್ ಹಾಕಲೇಬೇಕು. ಇದನ್ನು ಮರೆತು ದುಡ್ಡು ನಿಂತುಹೋದವರನ್ನು ನೋಡಿದ್ದೇನೆ. ನಮ್ಮೂರಲ್ಲಾದರೆ ಅಂಗನವಾಡಿ ಟೀಚರೇ ಮನೆಗೆ ಬಂದು ಹೆಸರು ಬರೆದುಕೊಂಡು, ಮಕ್ಕಳಿಗೆ ಕೊಡುವ ಪೌಷ್ಟಿಕ ಅಮೃತಂ ಪುಡಿಯ ಲೆಕ್ಕ ಹೇಳುತ್ತಾರೆ. ಕೆನಡಾದಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ.

ಒಂದು ಮಾತ್ರ ಕಾಯದೆ ಸಿಗುತ್ತದೆ. ಅರ್ಲಿಆನ್ ಅಂತ ಸೆಂಟರ್‌ಗಳಿವೆ, ಆರು ವರ್ಷದೊಳಗಿನ ಮಕ್ಕಳಿಗೆ, ಪೂರ್ತಿ ಉಚಿತ. ಮಗುವನ್ನು ಬಿಟ್ಟು ಬರುವ ಜಾಗವಲ್ಲ, ಜೊತೆಗೆ ಕೂರಬೇಕು. ಆಟ, ಹಾಡು, ಕಥೆ. ಮೊದಲ ಚಳಿಗಾಲದಲ್ಲಿ ನನಗೆ ಮಾತಾಡಲು ಜನ ಸಿಕ್ಕಿದ್ದೇ ಅಲ್ಲಿ. ಊರಲ್ಲಿ ಕನ್ನಡದ ಮಕ್ಕಳಿಗೆ ಮಲಯಾಳದ ಟೀಚರ್ ಬಂದರೆ ಎಷ್ಟು ಗೊಣಗುತ್ತೇವೆ ಅಲ್ವಾ? ಅಲ್ಲಿ ನಾನು ಚಂದಮಾಮನ ಹಾಡು ಹೇಳಿದರೆ ಪಕ್ಕದ ಪಂಜಾಬಿ ಅಜ್ಜಿ ಸುಮ್ನೆ ತಾಳ ಹಾಕುತ್ತಿದ್ದರು.

ಮಗಳಿಗೆ ನಾಲ್ಕು ತುಂಬುವ ವರ್ಷದ ಸೆಪ್ಟೆಂಬರಿನಿಂದ ಸರಕಾರಿ ಶಾಲೆಯ ಕಿಂಡರ್‌ಗಾರ್ಟನ್ ಇದೆ, ಇಡೀ ದಿನ, ಫೀಸಿಲ್ಲ. ಅಲ್ಲಿಯವರೆಗೆ ನಿನ್ನ ಸಂಬಳವನ್ನು ಲೆಕ್ಕಕ್ಕೆ ಸೇರಿಸದೆ ಮನೆ ಬಾಡಿಗೆ ನೋಡಿ.

ಚುಚ್ಚುಮದ್ದಿನ ಕಾರ್ಡ್ ಡೇಕೇರಿನವರು ಕೇಳುತ್ತಾರೆ. ಮಲಯಾಳದಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ಮಾಡಿಸಬೇಕು. ನಾನು ಗುರುವಾರದವರೆಗೆ ಕುಂಬಳೆಯ ಮನೆಯಲ್ಲೇ ಇದ್ದೇನೆ. ಕಾರ್ಡ್ ಹಿಡಿದುಕೊಂಡು ಬಾ, ನೋಡೋಣ.