ರಿಪೋರ್ಟ್‌ನಲ್ಲಿ ‘ಹರ್-2’ ಬಂದರೆ ಬೇಳೆ, ಮೊಟ್ಟೆ ಬಿಡಬೇಕೆ?

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಸ್ತನದಲ್ಲಿ ಗಂಟು ಕಾಣಿಸಿಕೊಂಡಿತೆಂದು ಬಯಾಪ್ಸಿ ಮಾಡಿಸಿದೆವು. ‘ಗ್ರೇಡ್ 3, ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 3 ಪ್ಲಸ್’ ಎಂದು ಬಂದಿದೆ. ಹರ್-2 ಅಂದರೆ ಪ್ರೋಟೀನ್, ಕ್ಯಾನ್ಸರ್ ಬೆಳೆಯುವುದೇ ಪ್ರೋಟೀನ್‌ನಿಂದ ಎಂದು ಯಾರೋ ಹೇಳಿದ್ದರಿಂದ ಅಕ್ಕ ಬೇಳೆ, ಹಾಲು, ಮೊಟ್ಟೆ ಎಲ್ಲ ಬಿಟ್ಟು ಗಂಜಿ ಕುಡಿಯುತ್ತಿದ್ದಾಳೆ. ಪಕ್ಕದ ಮನೆಯವರಿಗೂ ಇದೇ ಕಾಯಿಲೆ. ಆಪರೇಷನ್ ಆದಮೇಲೆ ಅವರಿಗೆ ಮಾತ್ರೆ ಕೊಟ್ಟು ಕಳಿಸಿದರು. ಅಕ್ಕನಿಗೇಕೆ ವರ್ಷವಿಡೀ ಇಂಜೆಕ್ಷನ್? ಕ್ಯಾನ್ಸರ್ ಕೋಶವನ್ನು ಮತ್ತೆ ಸರಿದಾರಿಗೆ ತರುವ ಪ್ರೋಟೀನ್ ಒಂದಿದೆ ಎಂದು ಓದಿದೆ. ನಿಜವೇ?
— ಓದುಗರು, ಹಾವೇರಿ

ಉತ್ತರ: ಮೊದಲು ಊಟದ ಮಾತು, ಏಕೆಂದರೆ ಅದು ಇವತ್ತೇ ಸರಿಯಾಗಬೇಕು. ತಿಂದ ಬೇಳೆಯ ಪ್ರೋಟೀನ್ ಬೇಳೆಯ ಪ್ರೋಟೀನ್ ಆಗಿಯೇ ಗಂಟಿನವರೆಗೆ ಹೋಗುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಅದು ಅಮೈನೋ ಆಮ್ಲಗಳಾಗಿ ಒಡೆದು ರಕ್ತ ಸೇರುತ್ತದೆ. ಕೋಶಕ್ಕೆ ‘ಬೆಳೆ’ ಎಂದು ಹೇಳುವ ಪ್ರೋಟೀನ್‌ಗಳನ್ನು ದೇಹದ ಕೋಶಗಳೇ, ಎಷ್ಟೋ ಸಲ ಕ್ಯಾನ್ಸರ್ ಕೋಶಗಳೇ ತಯಾರಿಸಿಕೊಳ್ಳುತ್ತವೆ. ಬರೀ ಗಂಜಿ ಕುಡಿದರೆ ಗಂಟು ಸೊರಗುವುದಿಲ್ಲ, ಅಕ್ಕ ಸೊರಗುತ್ತಾರೆ. ಕೀಮೋ ತಡೆದುಕೊಳ್ಳಲು, ಗಾಯ ಮಾಯಲು, ರಕ್ತದ ಕಣಗಳು ಮತ್ತೆ ತುಂಬಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಬೇಳೆ, ಮೊಸರು, ಚೆನ್ನಾಗಿ ಬೇಯಿಸಿದ ಮೊಟ್ಟೆ ಮತ್ತೆ ಶುರು ಮಾಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿ.

ಇನ್ನು ರಿಪೋರ್ಟ್. ಇಆರ್, ಪಿಆರ್ ಎಂಬುವು ಕೋಶದ ಕೇಂದ್ರದಲ್ಲಿದ್ದು ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳು. ಪಕ್ಕದ ಮನೆಯವರ ಗಂಟಿನಲ್ಲಿ ಇವು ಇದ್ದಿರಬೇಕು. ಅಂಥವರಿಗೆ ಟ್ಯಾಮೊಕ್ಸಿಫೆನ್‌ನಂಥ ಮಾತ್ರೆ ಆ ಗ್ರಾಹಕಕ್ಕೆ ಅಂಟಿಕೊಂಡು ಈಸ್ಟ್ರೋಜೆನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಅಕ್ಕನ ಗಂಟಿನಲ್ಲಿ ಆ ಗ್ರಾಹಕಗಳಿಲ್ಲ, ಹಾಗಾಗಿ ಅದೇ ಮಾತ್ರೆಯಿಂದ ಅವರಿಗೆ ಉಪಯೋಗವಿಲ್ಲ.

ಹರ್-2 ಇರುವುದು ಕೋಶದ ಹೊರಪೊರೆಯಲ್ಲಿ. ಆರೋಗ್ಯವಂತ ಕೋಶದಲ್ಲೂ ಇರುತ್ತದೆ, ಸ್ವಲ್ಪವೇ. ಅಕ್ಕನ ಗಂಟಿನಂಥವುಗಳಲ್ಲಿ 17ನೇ ಕ್ರೋಮೋಸೋಮ್ ಮೇಲಿನ ಅದರ ಜೀನ್ ಹಲವು ಪ್ರತಿಗಳಾಗಿ, ಗ್ರಾಹಕಗಳ ಸಂಖ್ಯೆ ಹತ್ತಾರು ಪಟ್ಟು ಏರಿರುತ್ತದೆ. ಹರ್-2ಗೆ ಬಣ್ಣ ಹಿಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೊಂದು ಕೋಶದ ಸುತ್ತಲೂ ಎಲ್ಲೂ ತುಂಡಾಗದ ದಪ್ಪ ಕಂದು ಗೆರೆ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೋಶಗಳಲ್ಲಿ ಹಾಗೆ ಕಂಡಾಗ ‘3 ಪ್ಲಸ್’ ಎಂದು ಬರೆಯುತ್ತೇವೆ. ‘2 ಪ್ಲಸ್’ ಬಂದಿದ್ದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಬೇಕಿತ್ತು. 3 ಪ್ಲಸ್‌ಗೆ ಅದರ ಅಗತ್ಯವಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಹರ್-2 ತಾನಾಗಿ ಯಾವ ಪ್ರೋಟೀನನ್ನೂ ಹಿಡಿಯುವುದಿಲ್ಲ. ಆದರೆ ಕೋಶದೊಳಕ್ಕೆ ಸಂಕೇತ ಕಳಿಸುವುದರಲ್ಲಿ ಭಾರಿ ಚುರುಕು. ಅದರ ಜೊತೆಗಾರ ಹರ್-3 ಹೊರಗಿನ ಪ್ರೋಟೀನನ್ನು ಚೆನ್ನಾಗಿ ಹಿಡಿಯುತ್ತದೆ. ಒಳಗೆ ಸಂಕೇತ ಕಳಿಸಲು ಅದಕ್ಕೆ ಶಕ್ತಿ ಸಾಲದು. ಕುರುಡನ ಹೆಗಲೇರಿ ಕುಂಟ ದಾರಿ ತೋರಿಸಿದ ಕಥೆಯಂತೆ ಎರಡೂ ಜೋಡಿಯಾದರೆ ಕೋಶ ನಿಲ್ಲದೆ ವಿಭಜನೆಯಾಗತೊಡಗುತ್ತದೆ. ಈ ಜೋಡಿಯನ್ನು ಕೂಡಿಸುವ ಪ್ರೋಟೀನನ್ನು 1992ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಪತ್ತೆ ಮಾಡಿದವು. ಒಂದು ತಂಡ ಇಟ್ಟ ಹೆಸರು ಹೆರೆಗ್ಯುಲಿನ್, ಇನ್ನೊಂದರದು ನ್ಯೂ ಡಿಫರೆನ್ಸಿಯೇಷನ್ ಫ್ಯಾಕ್ಟರ್. ಎರಡನೆಯ ತಂಡ ಅದನ್ನು ಕೆಲವು ಸ್ತನ ಕ್ಯಾನ್ಸರ್ ಕೋಶಗಳಿಗೆ ಹಾಕಿದಾಗ ಅವು ವಿಭಜನೆ ನಿಧಾನಿಸಿ, ಚಪ್ಪಟೆಯಾಗಿ ಹರಡಿಕೊಂಡು, ಹಾಲಿನ ಪ್ರೋಟೀನಾದ ಕೇಸಿನ್ ಮತ್ತು ಕೊಬ್ಬಿನ ಹನಿಗಳನ್ನು ತಯಾರಿಸಿದವು. ಅಂದರೆ ಹಾಲೂಡುವ ಸ್ತನದ ಬಲಿತ ಕೋಶದಂತೆ ನಡೆದುಕೊಂಡವು. ನೀವು ಓದಿದ್ದು ಬಹುಶಃ ಇದನ್ನೇ.

ಹಾಗಾದರೆ ಅದನ್ನೇ ಔಷಧವಾಗಿ ಕೊಡಬಾರದೇಕೆ? ಅದೇ ಪ್ರೋಟೀನ್ ಬೇರೆ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬೆಳವಣಿಗೆಯನ್ನು ಇನ್ನಷ್ಟು ಕೆರಳಿಸಿತು. ಪ್ರೋಟೀನ್ ಒಂದೇ, ಅದರಿಂದ ಕೋಶಗಳು ಹೆಚ್ಚುತ್ತವೋ ಬಲಿಯುತ್ತವೋ ಎಂಬುದನ್ನು ಕೋಶದ ಮೇಲೆ ಯಾವ ಗ್ರಾಹಕ ಎಷ್ಟಿದೆ, ಒಳಗೆ ಯಾವ ಸಂಕೇತದ ಹಾದಿ ತೆರೆದಿದೆ ಎಂಬುದು ತೀರ್ಮಾನಿಸುತ್ತದೆ. ಒಂದೇ ಗಂಟಿನಲ್ಲೂ ಎಲ್ಲ ಕೋಶಗಳು ಒಂದೇ ಥರ ಇರುವುದಿಲ್ಲ. ಆದ್ದರಿಂದ ಇಂಥ ಪ್ರೋಟೀನ್ ಕೊಡುವುದಕ್ಕಿಂತ ಗ್ರಾಹಕವನ್ನೇ ತಡೆಯುವ ದಾರಿ ಹಿಡಿದದ್ದು ಸರಿ ಎಂದೇ ನನ್ನ ಅಭಿಪ್ರಾಯ. ‘ಕ್ಯಾನ್ಸರ್ ಕೋಶ ಸರಿಪಡಿಸುವ ಪ್ರೋಟೀನ್’ ಎಂದು ಪುಡಿ, ಡಬ್ಬಿ ಮಾರಲು ಯಾರಾದರೂ ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ.

ಅಕ್ಕನಿಗೆ ಹೇಳಿರುವ ಇಂಜೆಕ್ಷನ್ ಟ್ರಾಸ್ಟುಜುಮ್ಯಾಬ್ ಇರಬೇಕು. ಅದೂ ಒಂದು ಪ್ರೋಟೀನೇ, ಹರ್-2ಗೆ ಅಂಟುವ ಪ್ರತಿಕಾಯ. ಸಂಕೇತ ಕಡಿಮೆ ಮಾಡುವುದರ ಜೊತೆಗೆ, ದೇಹದ ರಕ್ಷಣಾ ಕೋಶಗಳು ಆ ಕೋಶವನ್ನು ಗುರುತಿಸಿ ಕೊಲ್ಲುವಂತೆಯೂ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ 1998ರಲ್ಲಿ ಅನುಮತಿ ಸಿಕ್ಕಿತು. ಕೆಲವರಿಗೆ ಜೊತೆಗೆ ಕೊಡುವ ಪರ್ಟುಜುಮ್ಯಾಬ್ ಹರ್-2 ಮತ್ತು ಹರ್-3 ಜೋಡಿಯಾಗುವುದನ್ನೇ ತಪ್ಪಿಸುತ್ತದೆ. ಹರ್-2 ಪಾಸಿಟಿವ್ ಎಂದರೆ ಹಿಂದೆ ನಾವೇ ಹೆದರುತ್ತಿದ್ದೆವು. ಈ ಔಷಧಗಳು ಬಂದಮೇಲೆ ಗುಣವಾಗುವವರ ಸಂಖ್ಯೆ ನಿಜಕ್ಕೂ ಏರಿದೆ. ಖರ್ಚಿನ ಚಿಂತೆ ಇದ್ದರೆ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವಂತೆ ಬೇರೆ ಕಂಪನಿ ತಯಾರಿಸಿದ್ದು) ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಬೆಂಗಳೂರಿನ ಬಯೋಕಾನ್ ತಯಾರಿಸಿದ ಟ್ರಾಸ್ಟುಜುಮ್ಯಾಬ್‌ಗೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರೇ ಒಪ್ಪಿಗೆ ಕೊಟ್ಟಿದ್ದಾರೆ.

ಒಂದು ಎಚ್ಚರಿಕೆ. ಹೃದಯದ ಸ್ನಾಯುವೂ ತನ್ನ ಶಕ್ತಿ ಉಳಿಸಿಕೊಳ್ಳಲು ಇದೇ ಹೆರೆಗ್ಯುಲಿನ್ ಗುಂಪಿನ ಪ್ರೋಟೀನನ್ನೂ ಹರ್-2 ಗ್ರಾಹಕವನ್ನೂ ನೆಚ್ಚಿಕೊಂಡಿದೆ. ಹಾಗಾಗಿ ಈ ಔಷಧದಿಂದ ಕೆಲವರಲ್ಲಿ ಹೃದಯದ ಪಂಪಿಂಗ್ ಕುಗ್ಗುತ್ತದೆ. ಬೇಗ ಗೊತ್ತಾಗಿ ಔಷಧ ನಿಲ್ಲಿಸಿದರೆ ಬಹುಪಾಲು ಮಂದಿಯಲ್ಲಿ ಚೇತರಿಸಿಕೊಳ್ಳುತ್ತದೆ. ಶುರು ಮಾಡುವ ಮೊದಲು ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ತಪ್ಪಿಸಬೇಡಿ. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲಲ್ಲಿ ಬಾವು ಕಂಡರೆ ಮುಂದಿನ ಡೋಸ್‌ವರೆಗೆ ಕಾಯದೆ ಹೋಗಿ ತೋರಿಸಿ. ಚಿಕಿತ್ಸೆಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದಾದರೆ ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡ್‌ಗಳ ಜೊತೆ, ಗಂಟಿನ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆದುಕೊಳ್ಳಿ. ಮರುಪರೀಕ್ಷೆ ಬೇಕೆಂದರೆ ಅದರಲ್ಲೇ ಆಗುತ್ತದೆ, ಅಕ್ಕನಿಗೆ ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ನೋವು ತಪ್ಪುತ್ತದೆ.