ಶ್ರೀರಂಗಪಟ್ಟಣದಿಂದ ಹೊನ್ನಾವರದ ಅಳಿವೆಗೆ

ಪ್ರಶ್ನೆ: ಮೇಷ್ಟ್ರೇ, ಜನವರಿಯಲ್ಲಿ ಅತ್ತೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕರಾವಳಿಗೆ ಹೋಗೋಣ ಅಂತಿದ್ದೇವೆ. ಕೇಳಿದವರೆಲ್ಲ ದೇವಸ್ಥಾನ, ಬೀಚು ಅಷ್ಟೇ ಹೇಳುತ್ತಾರೆ. ಕಾಡು, ಕಡಲು, ಹಳೇ ಬಂದರಿನ ಚರಿತ್ರೆ ಮೂರೂ ಒಟ್ಟಿಗೆ ಸಿಗುವ ಜಾಗ ಇದೆಯೇ? ಅತ್ತೆಗೆ ಮಂಡಿನೋವು, ಹತ್ತಿ ಇಳಿಯಲಾರರು.
– ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ಹೊನ್ನಾವರಕ್ಕೆ ಹೋಗಿ ತಾಯಿ. ನಮ್ಮ ಕಡೆಯವರು ಮುರುಡೇಶ್ವರದವರೆಗೆ ಹೋಗಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಸ್ವಲ್ಪ ಮುಂದೆ ಇರುವ ಶರಾವತಿಯ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ, ನೋಡದೆ ಬರುತ್ತಾರಲ್ಲ ಎಂಬುದು ನನ್ನ ಬಹುಕಾಲದ ಸಂಕಟ.

ಆ ಊರಿಗೂ ನಿಮ್ಮೂರಿಗೂ ಹಳೇ ನಂಟಿದೆ. 1763ರಲ್ಲಿ ಹೈದರಾಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಗೆದ್ದ ಮೇಲೆ ಹೊನ್ನಾವರ ಮೈಸೂರಿನ ಬಂದರಾಯಿತು. 1783ರಲ್ಲಿ ಇಂಗ್ಲಿಷರು ಅಲ್ಲಿನ ಕೋಟೆ ಹಿಡಿದಾಗ ಮೈಸೂರಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿತ್ತು. ಅದಕ್ಕೂ ಹಿಂದೆ, 14ನೇ ಶತಮಾನದಲ್ಲಿ, ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಈ ಊರಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ, ಬೇರೆಲ್ಲೂ ಇಂಥದ್ದು ನೋಡಿಲ್ಲ ಎಂದು ಬರೆದಿಟ್ಟ. ಇದನ್ನು ನಿಮ್ಮ ಮಕ್ಕಳಿಗೆ ತಪ್ಪದೇ ಹೇಳಿ.

ಇನ್ನು ಕಾಡು. ಹೊನ್ನಾವರದ ಪಕ್ಕದ ಕಾಸರಕೋಡಿನ ಬಳಿ, ಶರಾವತಿ ಅಳಿವೆಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ನೆಲ ಸಮತಟ್ಟು, ಅತ್ತೆಯವರು ನಿಧಾನಕ್ಕೆ ನಡೆಯಬಹುದು. ಆದರೆ ಒಂದು ಮಾತು: ಇಳಿತದ ಹೊತ್ತಿಗೇ ಹೋಗಿ. ನೀರು ತುಂಬಿದ್ದರೆ ಬರೀ ಹಸಿರು ಕಾಣುತ್ತದೆ. ನೀರು ಇಳಿದಾಗ ಕೆಸರಿನಿಂದ ಸಾವಿರಾರು ಬೇರು ಪೆನ್ಸಿಲ್ಲಿನ ಹಾಗೆ ಮೇಲಕ್ಕೆ ಎದ್ದು ನಿಂತಿರುತ್ತವೆ. ಆ ಕೆಸರಿನಲ್ಲಿ ಗಾಳಿ ಇಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತದೆ. ಅಂಥ ಗಿಡದ ಎಲೆಯನ್ನು ಕೀಳದೆ ಹಾಗೇ ತಿರುಗಿಸಿ, ಬೆರಳು ಸವರಿ ನಾಲಿಗೆಗೆ ಇಟ್ಟು ನೋಡಿ, ಉಪ್ಪುಪ್ಪು. ಬೇರು ಹೀರಿದ ಉಪ್ಪನ್ನು ಗಿಡ ಎಲೆಯ ಮೂಲಕ ಹೊರಗೆ ಹಾಕುತ್ತದೆ. ಇನ್ನೊಂದು ಜಾತಿಯಲ್ಲಿ ಬೀಜ ಮರದ ಮೇಲೇ ಮೊಳೆತು, ಉದ್ದನೆಯ ಹಸಿರು ಕೋಲಾಗಿ ನೇತಾಡುತ್ತಿರುತ್ತದೆ. ಕಳಚಿ ಕೆಸರಿಗೆ ನೆಟ್ಟಗೆ ಬಿದ್ದರೆ ಅಲ್ಲೇ ಬೇರು ಬಿಡುತ್ತದೆ, ನೀರಿಗೆ ಬಿದ್ದರೆ ತೇಲಿಕೊಂಡು ಹೋಗಿ ಬೇರೆ ದಡ ಸೇರುತ್ತದೆ.

ಇಳಿತ ಯಾವಾಗ ಎಂದು ಹಿಂದಿನ ದಿನವೇ ದೋಣಿಯವರನ್ನು ಕೇಳಿ. ದಿನಕ್ಕೆರಡು ಬಾರಿ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಕಾಡು ಬೇರೆ, ಬಂದರಿನ ಚರಿತ್ರೆ ಬೇರೆ ಅಂದುಕೊಳ್ಳಬೇಡಿ. ಕಾಂಡ್ಲಾಕ್ಕೆ ಜೀವ ಕೊಡುವ ಇದೇ ಭರತ-ಇಳಿತದ ಜೊತೆಗೇ ದೋಣಿಗಳೂ ಓಡಾಡುತ್ತಿದ್ದವು. ಭರತ ಏರುವಾಗ ದೋಣಿ ನದಿಯ ಮೇಲ್ಭಾಗದ ಗೇರುಸೊಪ್ಪೆಯ ಕಡೆಗೆ ಹೋಗುತ್ತಿತ್ತು, ಇಳಿತದಲ್ಲಿ ಘಟ್ಟದ ಕಾಳುಮೆಣಸು ಹೊತ್ತು ಬಂದರಿಗೆ ಬರುತ್ತಿತ್ತು. ಆ ಮೆಣಸಿಗಾಗಿಯೇ ಪೋರ್ಚುಗೀಸರು ಈ ತೀರದಲ್ಲಿ ಬಡಿದಾಡಿದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. 1552ರಿಂದ 1606ರವರೆಗೆ, 54 ವರ್ಷ ಆಳಿದಾಕೆ. ಇನ್ನೊಂದು ದಿನ ಬಿಡುವಿದ್ದರೆ ಕುಮಟಾ ದಾಟಿ ಮಿರ್ಜಾನಿನ ಜಂಬಿಟ್ಟಿಗೆ ಕೋಟೆಗೂ ಹೋಗಿ. ಪಕ್ಕದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸರ್ ಪಟ್ಟಿಗೆ ಸೇರಿತು.

ಮಂಡ್ಯ, ಮೈಸೂರು ಮಾರ್ಗವಾಗಿ ಮುರುಡೇಶ್ವರಕ್ಕೆ ರಾತ್ರಿ ರೈಲಿದೆ, ವೇಳೆ ಒಮ್ಮೆ ವಿಚಾರಿಸಿಕೊಳ್ಳಿ. ಮುಂದೆ ಬಸ್ಸು. ಕಡಲ ನಡುವಿನ ಬಸವರಾಜದುರ್ಗಕ್ಕೆ ಮೀನುಗಾರರ ದೋಣಿಯಲ್ಲಿ ಕರೆದೊಯ್ಯುತ್ತೇವೆ ಎಂದು ಯಾರಾದರೂ ಹೇಳಬಹುದು. ಮಂಡಿನೋವಿನ ಹಿರಿಯರೂ ಚಿಕ್ಕ ಮಕ್ಕಳೂ ಇರುವಾಗ ಖಂಡಿತ ಬೇಡ.

ಪ್ರಶ್ನೆ: ಕಾಸರಕೋಡಿನ ಕಡೆ ಕಡಲಾಮೆ ಮೊಟ್ಟೆ ಇಡುತ್ತದಂತೆ. ರಾತ್ರಿ ಹೋದರೆ ನೋಡಬಹುದೇ?
– ಕಾಲೇಜು ವಿದ್ಯಾರ್ಥಿ, ಕೆ.ಆರ್. ಪೇಟೆ

ಉತ್ತರ: ಆಲಿವ್ ರಿಡ್ಲೆ ಆಮೆ ಚಳಿಗಾಲದಲ್ಲಿ ಕಾಸರಕೋಡಿನ ಟೊಂಕ ಎಂಬ ಕಡಲತೀರದ ಮರಳಿಗೆ ಬರುವುದು ನಿಜ. ಆದರೆ ನೀವಾಗಿಯೇ ಟಾರ್ಚ್ ಹಿಡಿದು ಹೋಗಬೇಡಿ ಮಗು. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆ ಇಡದೇ ಕಡಲಿಗೆ ಹಿಂದಿರುಗಬಹುದು, ಮರಿಗಳು ದಿಕ್ಕು ತಪ್ಪಿ ರಸ್ತೆಯ ಕಡೆ ಹರಿದು ಸಾಯುತ್ತವೆ. ಗೂಡಿನ ಸುತ್ತ ಬಲೆ ಕಟ್ಟಿ ಕಾಯುವುದೂ ಇದೆ. ಮೊದಲು ಹೊನ್ನಾವರದ ಅರಣ್ಯ ಕಚೇರಿಯಲ್ಲಿ ಕೇಳಿ. ಮರಿ ಬಿಡುವ ದಿನವಿದ್ದು ಅವರು ಬನ್ನಿ ಎಂದರೆ ಹೋಗಿ, ದೂರದಲ್ಲಿ ನಿಂತು ನೋಡಿ, ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ.